ವೀಸಾ ಪ್ರತಿ ಕೇಳಿದ ಶಾಲೆ: ಅಮೆರಿಕದಲ್ಲಿ ವಲಸೆ ಮಕ್ಕಳ ಕಲಿಕೆಯ ಹಕ್ಕು

ಪ್ರಶ್ನೆ: ನಾವು ಮೈಸೂರಿನವರು. ಪತಿ ಎಚ್-1ಬಿ ಉದ್ಯೋಗ ವೀಸಾದ ಮೇಲೆ ಟೆಕ್ಸಾಸ್‌ನ ಡಲ್ಲಾಸ್ ಬಳಿ ಕೆಲಸದಲ್ಲಿದ್ದರು. ನಾನು ಮತ್ತು ಇಬ್ಬರು ಮಕ್ಕಳು ಈ ಬೇಸಿಗೆಯಲ್ಲಿ ಅವರ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿ ಬಂದೆವು. ಮಗಳಿಗೆ ಹನ್ನೊಂದು ವರ್ಷ, ಮಗನಿಗೆ ಐದು. ಮಗಳು ಕೆಲವು ವಾರ ಶಾಲೆಗೆ ಹೋಗುವಷ್ಟರಲ್ಲಿ ಪತಿಯ ಕೆಲಸ ಹೋಯಿತು. ಬಾಡಿಗೆ ಕಟ್ಟಲಾಗದೆ ಪಕ್ಕದ ಊರಿನ ಸ್ನೇಹಿತರ ಮನೆಯಲ್ಲಿದ್ದೇವೆ. ಇಲ್ಲಿನ ಶಾಲೆಯ ಕಚೇರಿಯವರು ಮಕ್ಕಳ ಸೋಶಿಯಲ್ ಸೆಕ್ಯುರಿಟಿ ನಂಬರ್ (ಇಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ), ವೀಸಾ ಪುಟದ ಪ್ರತಿ ಮತ್ತು ನಮ್ಮ ಹೆಸರಿನ ಬಾಡಿಗೆ ಕರಾರು ಕೇಳಿ ಅರ್ಜಿಯನ್ನು ಬದಿಗಿಟ್ಟಿದ್ದಾರೆ. ಕೆಲಸ ಹೋದ ಮೇಲೆ ಇಲ್ಲಿರಲು ಸಿಗುವ ಅರವತ್ತು ದಿನ ಕಳೆದರೆ ಮಕ್ಕಳನ್ನು ಶಾಲೆಯಿಂದ ತೆಗೆಯುತ್ತಾರೆಯೇ? ಶಾಲೆಯವರು ವಲಸೆ ಇಲಾಖೆಗೆ ತಿಳಿಸುತ್ತಾರೆಯೇ? ಮನೆಮಾತು ಕನ್ನಡ ಎಂದು ಬರೆದರೆ ಮಗನಿಗೆ ತೊಂದರೆಯಾದೀತೇ?

ಉತ್ತರ: ನಿಮ್ಮ ಮಕ್ಕಳು ಶಾಲೆಗೆ ಸೇರಲು ವೀಸಾ ತೋರಿಸಬೇಕಾಗಿಲ್ಲ, ವೀಸಾ ಸ್ಥಿತಿ ಮುಗಿದುಹೋಯಿತೆಂಬ ಕಾರಣಕ್ಕೆ ಶಾಲೆ ಅವರನ್ನು ಹೊರಗೆ ಕಳುಹಿಸುವಂತೆಯೂ ಇಲ್ಲ. ಮಗು ಎಲ್ಲಿ ವಾಸಿಸುತ್ತಿದೆ, ಅದರ ವಯಸ್ಸೆಷ್ಟು, ಲಸಿಕೆಗಳಾಗಿವೆಯೇ ಎಂದು ಅಮೆರಿಕದ ಸಾರ್ವಜನಿಕ ಶಾಲೆ ಕೇಳಬಹುದು. ಯಾವ ಅನುಮತಿಯ ಮೇಲೆ ಈ ದೇಶದಲ್ಲಿದೆ ಎಂಬುದು ಅದು ವಿಚಾರಿಸಬೇಕಾದ ವಿಷಯವಲ್ಲ. ಶಾಲೆಯ ಲೆಕ್ಕ ಬೇರೆ, ವಲಸೆ ಇಲಾಖೆಯ ಲೆಕ್ಕ ಬೇರೆ. ಇವೆರಡನ್ನೂ ಕಲಸಿಕೊಂಡ ಕುಟುಂಬಗಳಲ್ಲಿ ಕೆಲವರು ಹೆದರಿ ಮಕ್ಕಳನ್ನು ಮನೆಯಲ್ಲೇ ಕೂರಿಸುತ್ತಾರೆ, ಇನ್ನು ಕೆಲವರು ಶಾಲೆಯೇ ಸೇರಿಸಿಕೊಂಡ ಮೇಲೆ ಉಳಿದದ್ದೂ ಸರಿಯಾಗಿಯೇ ಇದೆ ಎಂದು ನಿರಾಳರಾಗಿಬಿಡುತ್ತಾರೆ. ಎರಡೂ ತಪ್ಪು.

ಈ ಹಕ್ಕು ರೂಪುಗೊಂಡದ್ದು ನಿಮ್ಮದೇ ರಾಜ್ಯದಲ್ಲಿ, ಡಲ್ಲಾಸ್‌ನಿಂದ ಪೂರ್ವಕ್ಕೆ ಸುಮಾರು 160 ಕಿಲೋಮೀಟರ್ ದೂರದ ಟೈಲರ್ ಎಂಬ ಊರಿನಲ್ಲಿ. 1975ರಲ್ಲಿ ಟೆಕ್ಸಾಸ್ ಶಾಸನಸಭೆ ತನ್ನ ಶಿಕ್ಷಣ ಕಾಯ್ದೆಗೆ ತಿದ್ದುಪಡಿ ತಂದು, ಕಾನೂನುಬದ್ಧವಾಗಿ ದೇಶದೊಳಗೆ ಬಾರದ ಮಕ್ಕಳ ಓದಿಗೆ ರಾಜ್ಯದ ಹಣ ಕೊಡುವುದಿಲ್ಲವೆಂದಿತು. ಅಂಥ ಮಕ್ಕಳನ್ನು ಸೇರಿಸಿಕೊಳ್ಳದಿರುವ ಅಧಿಕಾರವನ್ನೂ ಆಯಾ ಪ್ರದೇಶದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಸ್ಥಳೀಯ ಸ್ಕೂಲ್ ಡಿಸ್ಟ್ರಿಕ್ಟ್‌ಗಳಿಗೆ ಕೊಟ್ಟಿತು. ಟೈಲರ್‌ನ ಡಿಸ್ಟ್ರಿಕ್ಟ್ 1977ರಲ್ಲಿ ಅಂಥ ಪ್ರತಿ ಮಗುವಿಗೂ ವರ್ಷಕ್ಕೆ 1,000 ಡಾಲರ್ ಶುಲ್ಕ ಹಾಕಿತು. ಕೂಲಿ ಮಾಡಿ ಬದುಕುವ ಮೆಕ್ಸಿಕನ್ ಕುಟುಂಬಗಳಿಗೆ ಇದು ಬಾಗಿಲು ಮುಚ್ಚಿದಂತೆಯೇ ಆಯಿತು. ನಾಲ್ಕು ಕುಟುಂಬಗಳು ಫೆಡರಲ್ (ಕೇಂದ್ರದ) ನ್ಯಾಯಾಲಯಕ್ಕೆ ಹೋದವು. ಅವರ ಹೆಸರು ಬಯಲಾಗದಿರಲೆಂದು ನ್ಯಾಯಾಧೀಶ ವಿಲಿಯಂ ವೇಯ್ನ್ ಜಸ್ಟಿಸ್ ಕಲ್ಪಿತ ಹೆಸರಿನಲ್ಲಿ ದಾವೆ ಹೂಡಲು ಒಪ್ಪಿದರು, ವಿಚಾರಣೆಯನ್ನು ಬೆಳಗಿನ ಜಾವಕ್ಕೆ ಇಟ್ಟುಕೊಂಡರು. ಸಾಕ್ಷಿ ಹೇಳಿದ ಮೇಲೆ ಅಲ್ಲಿಂದಲೇ ಗಡಿಪಾರು ಮಾಡಿಯಾರು ಎಂಬ ಭಯದಲ್ಲಿ ಆ ತಂದೆತಾಯಂದಿರು ಮನೆಯ ಸಾಮಾನುಗಳನ್ನು ಕಾರಿಗೆ ತುಂಬಿಕೊಂಡೇ ನ್ಯಾಯಾಲಯಕ್ಕೆ ಬಂದಿದ್ದರು.

ಆ ಮೊಕದ್ದಮೆ ಸುಪ್ರೀಂ ಕೋರ್ಟ್ ತಲುಪಿ, 1982ರ ಜೂನ್ 15ರಂದು ಐದಕ್ಕೆ ನಾಲ್ಕರ ಬಹುಮತದಲ್ಲಿ ತೀರ್ಮಾನವಾಯಿತು. ಟೈಲರ್‌ನ ಶಾಲಾ ಸೂಪರಿಂಟೆಂಡೆಂಟ್ ಆಗಿದ್ದ ಜೇಮ್ಸ್ ಪ್ಲೈಲರ್ ಅವರ ಹೆಸರಿನಿಂದ ಅದು 'ಪ್ಲೈಲರ್ ವಿರುದ್ಧ ಡೋ' ಎಂದೇ ಪ್ರಸಿದ್ಧ; ಡೋ ಎಂಬುದು ಆ ಕುಟುಂಬಗಳ ಕಲ್ಪಿತ ಹೆಸರು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿಲಿಯಂ ಬ್ರೆನನ್. ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿ ಕಾನೂನಿನ ಸಮಾನ ರಕ್ಷಣೆಯನ್ನು ಪ್ರಜೆಗಳಿಗೆ ಮಾತ್ರವಲ್ಲದೆ ರಾಜ್ಯದ ವ್ಯಾಪ್ತಿಯಲ್ಲಿರುವ ಪ್ರತಿಯೊಬ್ಬ ವ್ಯಕ್ತಿಗೂ ಕೊಡುತ್ತದೆ, ಕಾಗದಪತ್ರವಿಲ್ಲದೆ ಬಂದವರೂ ವ್ಯಕ್ತಿಗಳೇ ಎಂಬುದು ಅವರ ವಾದದ ಬುನಾದಿ. ತಂದೆತಾಯಿ ಮಾಡಿದ್ದಕ್ಕೆ ಮಕ್ಕಳನ್ನು ದಂಡಿಸುವುದು ನ್ಯಾಯವಲ್ಲ, ಓದುಬರಹವಿಲ್ಲದ ಒಂದು ಕೆಳವರ್ಗವನ್ನು ಸರ್ಕಾರವೇ ಹುಟ್ಟುಹಾಕಿ ಹಣ ಉಳಿಸಿದೆನೆಂದು ಹೇಳಿಕೊಳ್ಳುವಂತಿಲ್ಲ ಎಂಬುದು ಅದರ ಮೇಲಿನ ಕಟ್ಟಡ. ಗಮನಿಸಿ, ಈ ಮೊಕದ್ದಮೆಯ ಮಕ್ಕಳಿಗೆ ಯಾವ ವೀಸಾವೂ ಇರಲಿಲ್ಲ. ಎಚ್-4 ಮುದ್ರೆಯೊಂದಿಗೆ ಬಂದು, ತಂದೆಯ ಕೆಲಸ ಹೋದದ್ದರಿಂದ ಅತಂತ್ರರಾಗಿರುವ ನಿಮ್ಮ ಮಕ್ಕಳ ಸ್ಥಾನ ಅವರಿಗಿಂತ ಕೆಳಗಿರಲು ಸಾಧ್ಯವಿಲ್ಲ.

ಈ ತೀರ್ಪಿನ ಬಲದ ಜೊತೆಗೆ ಅದರ ಮಿತಿಯನ್ನೂ ಹೇಳಬೇಕು. ಶಿಕ್ಷಣವು ಮೂಲಭೂತ ಹಕ್ಕು ಎಂದು ಅದು ಹೇಳಲಿಲ್ಲ; 1973ರಲ್ಲಿ ಟೆಕ್ಸಾಸ್‌ನದೇ ಇನ್ನೊಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹಾಗಲ್ಲವೆಂದು ಆಗಲೇ ಹೇಳಿಬಿಟ್ಟಿತ್ತು. ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದ ನಮ್ಮ ಸಂವಿಧಾನದ 21ಎ ವಿಧಿಯಂಥದು ಅಮೆರಿಕದ ಸಂವಿಧಾನದಲ್ಲಿಲ್ಲ. ಒಂದೇ ಮತದ ಅಂತರದಲ್ಲಿ ನಿಂತಿರುವ ಈ ತೀರ್ಪನ್ನು ಅಲುಗಾಡಿಸುವ ಪ್ರಯತ್ನಗಳು ಆಗಾಗ ನಡೆದಿವೆ. 1994ರಲ್ಲಿ ಕ್ಯಾಲಿಫೋರ್ನಿಯದ ಮತದಾರರು 187ನೆಯ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟು ಇಂಥ ಮಕ್ಕಳನ್ನು ಶಾಲೆಯಿಂದ ಹೊರಗಿಡಲು ಹೊರಟಾಗ ಫೆಡರಲ್ ನ್ಯಾಯಾಲಯ ಅದನ್ನು ತಡೆಯಿತು. 2011ರಲ್ಲಿ ಅಲಬಾಮ ಹೊಸದಾಗಿ ಸೇರುವ ಮಕ್ಕಳ ವಲಸೆ ಸ್ಥಿತಿಯನ್ನು ಶಾಲೆಗಳು ದಾಖಲಿಸಬೇಕೆಂದು ಕಾನೂನು ಮಾಡಿತು. ಅದು ಅಲ್ಪಕಾಲ ಜಾರಿಯಲ್ಲಿದ್ದಷ್ಟಕ್ಕೇ ಲ್ಯಾಟಿನೋ ಮಕ್ಕಳ ಹಾಜರಾತಿ ಕುಸಿಯಿತು, ಮರುವರ್ಷ ಮೇಲ್ಮನವಿ ನ್ಯಾಯಾಲಯ ಅದನ್ನೂ ರದ್ದುಗೊಳಿಸಿತು. ಟೆಕ್ಸಾಸ್ ರಾಜ್ಯಪಾಲ ಗ್ರೆಗ್ ಅಬಟ್ 2022ರಲ್ಲಿ ಪ್ಲೈಲರ್ ತೀರ್ಪನ್ನು ಮತ್ತೆ ಪ್ರಶ್ನಿಸುವ ಮಾತಾಡಿದರು. 2025ರಲ್ಲಿ ಟೆನೆಸ್ಸಿಯ ಸೆನೆಟ್ ಶಾಲೆಗಳು ವಲಸೆ ಸ್ಥಿತಿ ಪರಿಶೀಲಿಸಬಹುದೆಂಬ ಮಸೂದೆಯನ್ನು ಅಂಗೀಕರಿಸಿತಾದರೂ ಆ ವರ್ಷ ಅದು ಕೆಳಮನೆಯಲ್ಲಿ ನಿಂತುಹೋಯಿತು. ಅದೇ ವರ್ಷ ಇಲಿನಾಯ್ ಇದಕ್ಕೆ ವಿರುದ್ಧವಾಗಿ ಪ್ಲೈಲರ್ ಕೊಟ್ಟ ರಕ್ಷಣೆಯನ್ನು ತನ್ನ ರಾಜ್ಯದ ಕಾನೂನಿನಲ್ಲೇ ಬರೆದುಕೊಂಡಿತು. ಈ ಸುದ್ದಿಗಳನ್ನೋದಿದ ಪೋಷಕರು ಕಾನೂನು ಬದಲಾಗಿಹೋಗಿದೆ ಎಂದುಕೊಳ್ಳುತ್ತಾರೆ. ಬದಲಾಗಿಲ್ಲ. ಸುಪ್ರೀಂ ಕೋರ್ಟ್ ತಾನೇ ಹಿಂದೆ ಸರಿಯುವವರೆಗೆ ಟೆಕ್ಸಾಸ್‌ನ ಪ್ರತಿ ಶಾಲಾ ಕಚೇರಿಗೂ 1982ರ ತೀರ್ಪೇ ಅಂತಿಮ.

ಇನ್ನು ನಿಮ್ಮ ಅರ್ಜಿಯ ವಿಷಯ. ಎಚ್-4 ವೀಸಾದ ಮಕ್ಕಳಿಗೆ ಸಾಮಾನ್ಯವಾಗಿ ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಗುವುದೇ ಇಲ್ಲ, ಆದ್ದರಿಂದ ಇಲ್ಲದ್ದನ್ನು ಕೊಡಿ ಎಂದು ಪಟ್ಟುಹಿಡಿದರೆ ದೋಷ ಶಾಲೆಯದು. ಇರುವ ಮಗುವೂ ಕೊಡಬೇಕಾಗಿಲ್ಲ. 1974ರ ಖಾಸಗಿತನ ಕಾಯ್ದೆಯ ಪ್ರಕಾರ ಆ ಸಂಖ್ಯೆಯನ್ನು ಕೇಳುವ ಸರ್ಕಾರಿ ಕಚೇರಿ ಅದು ಕಡ್ಡಾಯವೋ ಐಚ್ಛಿಕವೋ, ಯಾವ ಕಾನೂನಿನಡಿ ಕೇಳುತ್ತಿದ್ದೇವೆ, ಯಾವುದಕ್ಕೆ ಬಳಸುತ್ತೇವೆ ಎಂಬುದನ್ನು ತಿಳಿಸಲೇಬೇಕು. ಟೆಕ್ಸಾಸ್‌ನಲ್ಲಂತೂ ದಾರಿ ಸರಳವಾಗಿದೆ: ಸಂಖ್ಯೆ ಇಲ್ಲದ ಅಥವಾ ಕೊಡದ ವಿದ್ಯಾರ್ಥಿಗೆ ರಾಜ್ಯವೇ ಒಪ್ಪಿರುವ ಪರ್ಯಾಯ ಗುರುತಿನ ಸಂಖ್ಯೆಯೊಂದನ್ನು ಡಿಸ್ಟ್ರಿಕ್ಟ್ ನೀಡುತ್ತದೆ. ಕಿಟಕಿಯ ಹಿಂದೆ ಕುಳಿತವರಿಗೆ "ರಾಜ್ಯದ ಪರ್ಯಾಯ ಸಂಖ್ಯೆ ಹಾಕಿಕೊಡಿ" ಎಂದರೆ ಬಹಳ ಸಲ ಮಾತು ಅಲ್ಲಿಗೇ ಮುಗಿಯುತ್ತದೆ. ಆ ಅಂಕಣವನ್ನು ಖಾಲಿ ಬಿಡಿ. ಪತಿಯ ಸಂಖ್ಯೆಯನ್ನಾಗಲಿ, ಕಲ್ಪಿಸಿದ ಸಂಖ್ಯೆಯನ್ನಾಗಲಿ ಬರೆಯಬೇಡಿ.

ವೀಸಾ ಪುಟ ಮತ್ತು ಐ-94 (ದೇಶಕ್ಕೆ ಬಂದ ದಿನ, ಇರಬಹುದಾದ ಅವಧಿಯ ದಾಖಲೆ) ಕೇಳುವುದಕ್ಕೂ ಆಧಾರವಿಲ್ಲ. ವಯಸ್ಸು ಮತ್ತು ಗುರುತಿಗೆ ಮೈಸೂರು ಮಹಾನಗರ ಪಾಲಿಕೆಯ ಜನನ ಪ್ರಮಾಣಪತ್ರ ಸಾಕು. ಅದರಲ್ಲಿ ಕನ್ನಡ ಮಾತ್ರ ಇದ್ದರೆ ಇಂಗ್ಲಿಷ್ ಅನುವಾದ ಲಗತ್ತಿಸಿ. ಪಾಸ್‌ಪೋರ್ಟನ್ನೇ ಕೊಡಬೇಕೆನಿಸಿದರೆ ಭಾವಚಿತ್ರವಿರುವ ಪುಟವನ್ನಷ್ಟೇ ಕೊಡಿ. ನಮ್ಮವರಲ್ಲಿ ಒಂದು ಅಭ್ಯಾಸವಿದೆ, ಒಂದು ಕಾಗದ ಕೇಳಿದರೆ ಇಡೀ ಫೈಲನ್ನೇ ಮೇಜಿನ ಮೇಲಿಡುವುದು. ಪ್ರಾಮಾಣಿಕತೆಯ ಹುಮ್ಮಸ್ಸಿನಲ್ಲಿ ಕೊಟ್ಟ ಐ-797ರ (ವಲಸೆ ಇಲಾಖೆಯ ಅನುಮೋದನಾ ಪತ್ರದ) ಪ್ರತಿ ಮಗುವಿನ ಕಡತದಲ್ಲಿ ವರ್ಷಗಟ್ಟಲೆ ಕುಳಿತಿರುತ್ತದೆ. ಟಿಸಿಯ ಚಿಂತೆಯೂ ಬೇಡ, ಇಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಹಿಂದಿನ ತರಗತಿಗಳ ಅಂಕಪಟ್ಟಿ ಇದ್ದರೆ ತರಗತಿ ನಿರ್ಧರಿಸಲು ಅನುಕೂಲ. ಟೆಕ್ಸಾಸ್ ಕಾನೂನು ಗುರುತು ಮತ್ತು ಹಳೆಯ ಶಾಲೆಯ ದಾಖಲೆಗಳನ್ನು ಒದಗಿಸಲು ಸೇರಿದ ಮೇಲೂ 30 ದಿನಗಳ ಕಾಲಾವಕಾಶ ಕೊಡುತ್ತದೆ.

ನಿಮ್ಮ ಪ್ರಕರಣದ ನಿಜವಾದ ಗಂಟು ವೀಸಾದಲ್ಲಿಲ್ಲ, ವಿಳಾಸದಲ್ಲಿದೆ. ಮಗು ಡಿಸ್ಟ್ರಿಕ್ಟ್‌ನ ಎಲ್ಲೆಯೊಳಗೆ ವಾಸಿಸುತ್ತಿದೆ ಎಂಬುದಕ್ಕೆ ಪುರಾವೆ ಕೇಳುವ ಅಧಿಕಾರ ಶಾಲೆಗೆ ಪೂರ್ಣವಾಗಿ ಇದೆ. ಆದರೆ ಬಾಡಿಗೆ ಕರಾರು ನಿಮ್ಮ ಹೆಸರಲ್ಲೇ ಇರಬೇಕೆಂಬುದು ಏಕೈಕ ದಾರಿಯಲ್ಲ. ಬೇರೆಯವರ ಮನೆಯಲ್ಲಿರುವ ಕುಟುಂಬಗಳಿಗಾಗಿ ಬಹುತೇಕ ಡಿಸ್ಟ್ರಿಕ್ಟ್‌ಗಳಲ್ಲಿ ಒಂದು ಪ್ರಮಾಣಪತ್ರದ ನಮೂನೆ ಇರುತ್ತದೆ: "ಇವರು ನಮ್ಮೊಂದಿಗೆ ವಾಸವಾಗಿದ್ದಾರೆ" ಎಂದು ಮನೆಯವರು ನೋಟರಿಯ ಮುಂದೆ ಸಹಿ ಮಾಡಿ, ತಮ್ಮ ವಿದ್ಯುತ್ ಅಥವಾ ನೀರಿನ ಬಿಲ್ಲನ್ನು ಜೊತೆಗಿಡಬೇಕು.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ರಕ್ಷಣೆ ನಿಮಗಿದೆ, ಮತ್ತು ನಮ್ಮ ಜನ ಇದನ್ನು ಬಳಸುವುದೇ ಅಪರೂಪ. 1987ರ ಮೆಕಿನ್ನಿ-ವೆಂಟೊ ಕಾಯ್ದೆ ಸ್ಥಿರವಾದ ಮನೆಯಿಲ್ಲದ ಮಕ್ಕಳಿಗಾಗಿ ಬಂದದ್ದು. ಬೀದಿಯಲ್ಲಿರುವವರು, ಆಶ್ರಯಧಾಮದಲ್ಲಿರುವವರು ಮಾತ್ರ ಅದರ ವ್ಯಾಪ್ತಿಗೆ ಬರುತ್ತಾರೆಂದು ಬಹಳಷ್ಟು ಮಂದಿ ತಿಳಿದಿದ್ದಾರೆ. ಆದರೆ ಮನೆ ಕಳೆದುಕೊಂಡು ಅಥವಾ ಆರ್ಥಿಕ ಸಂಕಷ್ಟದಿಂದ ಮತ್ತೊಬ್ಬರ ಮನೆಯಲ್ಲಿ ಹಂಚಿಕೊಂಡಿರುವ ಕುಟುಂಬದ ಮಕ್ಕಳೂ ಅದರ ವ್ಯಾಖ್ಯೆಯೊಳಗಿದ್ದಾರೆ. ಬಾಡಿಗೆ ಕಟ್ಟಲಾಗದೆ ಸ್ನೇಹಿತರ ಮನೆಗೆ ಬಂದ ನಿಮ್ಮ ಸ್ಥಿತಿ ಅದಕ್ಕೆ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಆಗ ವಿಳಾಸದ ಪುರಾವೆ, ಹಳೆಯ ದಾಖಲೆ, ಲಸಿಕೆ ಚೀಟಿ ಯಾವುದೂ ಕೈಯಲ್ಲಿಲ್ಲದಿದ್ದರೂ ಶಾಲೆ ಮಗುವನ್ನು ಕೂಡಲೇ ಸೇರಿಸಿಕೊಳ್ಳಬೇಕು. ವಿವಾದವಿದ್ದರೆ ಅದು ತೀರುವವರೆಗೂ ಮಗು ತರಗತಿಯಲ್ಲೇ ಇರಬೇಕು. ಮಗಳು ಹಳೆಯ ಊರಿನ ಶಾಲೆಯಲ್ಲೇ ಮುಂದುವರಿಯಲು ಬಯಸಿದರೆ ಅದನ್ನೂ ಕೇಳಬಹುದು, ಓಡಾಟಕ್ಕೆ ಬಸ್ಸಿನ ಏರ್ಪಾಡನ್ನೂ ಕೇಳಬಹುದು. ಪ್ರತಿ ಡಿಸ್ಟ್ರಿಕ್ಟ್‌ನಲ್ಲೂ ಈ ಕಾಯ್ದೆಗೆಂದೇ ಒಬ್ಬ ಸಂಪರ್ಕಾಧಿಕಾರಿ ಇರುತ್ತಾರೆ. ದಾಖಲಾತಿ ನೋಡಿಕೊಳ್ಳುವ ರಿಜಿಸ್ಟ್ರಾರ್ ಜೊತೆ ವಾದ ಬೆಳೆಸದೆ ನೇರವಾಗಿ ಅವರನ್ನು ಕಾಣಿ. 'ಮನೆಯಿಲ್ಲದವರು' ಎಂಬ ಹಣೆಪಟ್ಟಿಗೆ ಸಂಕೋಚವಾಗುವುದು ಸಹಜ, ಆದರೆ ತರಗತಿಯ ಮಕ್ಕಳಿಗೆ ಅದು ತಿಳಿಯುವುದಿಲ್ಲ.

ಹಳೆಯ ವಿಳಾಸವನ್ನೇ ಈಗಿನದೆಂದು ತೋರಿಸುವ ಸಲಹೆಯನ್ನು ಯಾರಾದರೂ ಕೊಟ್ಟಿದ್ದರೆ ಕಿವಿಗೆ ಹಾಕಿಕೊಳ್ಳಬೇಡಿ. ಟೆಕ್ಸಾಸ್‌ನಲ್ಲಿ ದಾಖಲಾತಿ ಅರ್ಜಿಯಲ್ಲಿ ಸುಳ್ಳು ಮಾಹಿತಿ ಕೊಡುವುದು ಅಪರಾಧ, ತಿಳಿದೂ ಸುಳ್ಳು ಹೇಳಿದವರಿಂದ ಶುಲ್ಕ ವಸೂಲಿ ಮಾಡಲೂ ಅವಕಾಶವಿದೆ. ವಲಸಿಗರ ಮಟ್ಟಿಗೆ ಅಂಥ ಒಂದು ಪ್ರಕರಣ ಮುಂದಿನ ಪ್ರತಿ ವೀಸಾ ಅರ್ಜಿಯಲ್ಲೂ ತಲೆ ಎತ್ತುತ್ತದೆ.

ಲಸಿಕೆಯಲ್ಲಿ ಕರ್ನಾಟಕದಿಂದ ಬಂದ ಮಕ್ಕಳು ಎಡವುವ ಜಾಗ ಒಂದೇ. ತಾಯಿ ಕಾರ್ಡಿನಲ್ಲಿ ಎಲ್ಲಕ್ಕೂ ಗುರುತು ಬಿದ್ದಿರುತ್ತದೆ, ಆದರೂ ಇಲ್ಲಿನ ನರ್ಸ್ ಅಪೂರ್ಣ ಎನ್ನುತ್ತಾರೆ. ಭಾರತದ ಸರ್ಕಾರಿ ಲಸಿಕಾ ಪಟ್ಟಿಯಲ್ಲಿರುವುದು ದಡಾರ ಮತ್ತು ರುಬೆಲ್ಲಾಕ್ಕೆ ಎಂಆರ್. 2017ರಲ್ಲಿ ಅದು ಮೊದಲು ಬಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಟೆಕ್ಸಾಸ್ ಕೇಳುವುದು ಮಂಗನಬಾವೂ ಸೇರಿದ ಎಂಎಂಆರ್. ಸೀತಾಳೆ ಸಿಡುಬು ಮತ್ತು ಹೆಪಟೈಟಿಸ್-ಎ ಲಸಿಕೆಗಳು ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲ, ಇಲ್ಲಿ ಬೇಕು. ಖಾಸಗಿ ಮಕ್ಕಳ ವೈದ್ಯರಲ್ಲಿ ಹಾಕಿಸಿದ್ದರೆ ಅವರಿಂದ ದಿನಾಂಕಸಹಿತ ಪತ್ರ ತರಿಸಿಕೊಳ್ಳಿ, ಇಲ್ಲದಿದ್ದರೆ ಕೌಂಟಿಯ (ಇಲ್ಲಿನ ಜಿಲ್ಲೆಯ) ಆರೋಗ್ಯ ಇಲಾಖೆಯ ಕ್ಲಿನಿಕ್ಕಿನಲ್ಲಿ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಕ್ಷಯದ ಪರೀಕ್ಷೆ ಕೇಳಿದರೆ ಚರ್ಮದ ಪರೀಕ್ಷೆಗೆ ಬದಲು ರಕ್ತ ಪರೀಕ್ಷೆ ಮಾಡಿಸಿ. ಕ್ಷಯದ ಲಸಿಕೆಯಾದ ಬಿಸಿಜಿ ಹಾಕಿಸಿಕೊಂಡ ಮಕ್ಕಳಲ್ಲಿ ಚರ್ಮದ ಪರೀಕ್ಷೆ ಸುಳ್ಳು ಸೂಚನೆ ಕೊಡುವುದುಂಟು.

ಮನೆಮಾತಿನ ಪ್ರಶ್ನೆಗೆ ನನ್ನ ಸಲಹೆ: ಕನ್ನಡ ಎಂದೇ ಬರೆಯಿರಿ. 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಮಕ್ಕಳು ತಂದ ಮೊಕದ್ದಮೆಯಲ್ಲಿ, ಅರ್ಥವಾಗದ ಭಾಷೆಯಲ್ಲಿ ಎಲ್ಲರಿಗೂ ಒಂದೇ ಪಾಠ ಮಾಡಿದರೆ ಅದು ಸಮಾನತೆಯಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು; ಅದೇ ವರ್ಷದ ಸಮಾನ ಶಿಕ್ಷಣಾವಕಾಶ ಕಾಯ್ದೆ, ಭಾಷೆಯ ತೊಡಕನ್ನು ನಿವಾರಿಸುವ ಹೊಣೆಯನ್ನು ಶಾಲೆಯ ಮೇಲೆ ಹೊರಿಸಿತು. ಅರ್ಜಿಯಲ್ಲಿ ಬೇರೆ ಭಾಷೆಯ ಹೆಸರಿದ್ದರೆ ಟೆಕ್ಸಾಸ್ ಶಾಲೆ ನಾಲ್ಕು ವಾರಗಳೊಳಗೆ ಮಗುವಿನ ಇಂಗ್ಲಿಷನ್ನು ಪರೀಕ್ಷಿಸಿ, ಬೇಕಿದ್ದರೆ ನೆರವಿನ ತರಗತಿಯನ್ನು ಸೂಚಿಸುತ್ತದೆ. ಅದು ಬೇಡವೆನ್ನುವ ಹಕ್ಕು ನಿಮಗಿದೆ, ಆದರೆ ನೆರವು ಬೇಕೆಂದು ಗುರುತಿಸಿದ ಮಗು ವರ್ಷಕ್ಕೊಮ್ಮೆ ಇಂಗ್ಲಿಷ್ ಪರೀಕ್ಷೆ ಬರೆಯುವುದು ತಪ್ಪುವುದಿಲ್ಲ. ನಮ್ಮ ಪೋಷಕರು ಮಗು ಹಿಂದುಳಿದದ್ದೆಂಬ ಹೆಸರು ಬಂದೀತೆಂದು ಇಂಗ್ಲಿಷ್ ಎಂದು ಬರೆಯುತ್ತಾರೆ. ಮೈಸೂರಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದರೆ ನಿಮ್ಮ ಮಗಳು ಆ ಪರೀಕ್ಷೆಯನ್ನು ಸುಲಭವಾಗಿ ದಾಟಬಹುದು. ಐದು ವರ್ಷದ ಮಗನಿಗೆ ಸಿಗುವ ನೆರವನ್ನು ಮಾತ್ರ ಮರ್ಯಾದೆಯ ಲೆಕ್ಕದಲ್ಲಿ ಬಿಟ್ಟುಕೊಡಬೇಡಿ. 2025ರಲ್ಲಿ ಫೆಡರಲ್ ಶಿಕ್ಷಣ ಇಲಾಖೆ ಈ ಕುರಿತ 2015ರ ಮಾರ್ಗದರ್ಶಿ ಪತ್ರವನ್ನು ಹಿಂತೆಗೆದುಕೊಂಡಿತು, ಆದರೆ ಆ ಪತ್ರಕ್ಕೆ ಆಧಾರವಾಗಿದ್ದ ಕಾಯ್ದೆಗಳು ಹಾಗೆಯೇ ಇವೆ.

ಶಾಲೆ ವಲಸೆ ಇಲಾಖೆಗೆ ತಿಳಿಸುತ್ತದೆಯೇ ಎಂದು ಕೇಳಿದ್ದೀರಿ. ಹಾಗೆ ತಿಳಿಸುವ ಕರ್ತವ್ಯ ಶಾಲೆಗಿಲ್ಲ. ಫರ್ಪಾ ಎಂದು ಕರೆಯುವ 1974ರ ಕಾಯ್ದೆಯ ಪ್ರಕಾರ ಮಗುವಿನ ದಾಖಲೆಗಳನ್ನು ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಹೊರಗೆ ಕೊಡುವಂತಿಲ್ಲ. ನ್ಯಾಯಾಲಯದ ಆದೇಶದಂಥ ಕೆಲವು ವಿನಾಯಿತಿಗಳಷ್ಟೇ ಉಂಟು. ಇದರಲ್ಲೊಂದು ಸಣ್ಣ ಬಿರುಕಿದೆ. 'ಡೈರೆಕ್ಟರಿ ಮಾಹಿತಿ' ಎಂಬ ಹೆಸರಿನಲ್ಲಿ ವಿದ್ಯಾರ್ಥಿಯ ಹೆಸರು, ವಿಳಾಸ, ದೂರವಾಣಿ, ಜನ್ಮಸ್ಥಳವನ್ನು ಸಹ ಶಾಲೆ ಕೇಳಿದವರಿಗೆ ಕೊಡಬಹುದು, ಪೋಷಕರು ಬೇಡವೆಂದು ಬರೆದುಕೊಟ್ಟಿರದಿದ್ದರೆ. ದಾಖಲಾತಿಯ ಕಾಗದಗಳ ಕಟ್ಟಿನಲ್ಲಿ ಆ ಹಾಳೆಯನ್ನು ಹುಡುಕಿ 'ಬೇಡ' ಎಂಬ ಚೌಕಕ್ಕೆ ಗುರುತು ಹಾಕಿ ಸಹಿ ಮಾಡಿ. ಹೆಚ್ಚಿನವರು ಓದದೆ ತಿರುವಿಹಾಕುವ ಹಾಳೆ ಅದು. ಶಾಲೆಗಳ ಬಳಿ ವಲಸೆ ಕಾರ್ಯಾಚರಣೆಗೆ ಕಡಿವಾಣ ಹಾಕಿದ್ದ ಹಳೆಯ ನೀತಿಯನ್ನು 2025ರ ಜನವರಿಯಲ್ಲಿ ಸರ್ಕಾರ ಕೈಬಿಟ್ಟಿತು ಎಂಬುದು ನಿಜ. ಆದರೂ ಇಲಾಖೆಯ ಅಧಿಕಾರಿಯೇ ಸಹಿ ಮಾಡಿದ ವಾರೆಂಟಿಗೂ ನ್ಯಾಯಾಧೀಶರು ಸಹಿ ಮಾಡಿದ ವಾರೆಂಟಿಗೂ ವ್ಯತ್ಯಾಸವಿದೆ. ಮೊದಲನೆಯದನ್ನು ಹಿಡಿದು ಬಂದವರನ್ನು ತರಗತಿಯೊಳಗೆ ಬಿಡಬೇಕೆಂಬ ಕಟ್ಟುಪಾಡು ಶಾಲೆಗಿಲ್ಲ. ನೀವು ಮಾಡಬಹುದಾದ ಮುಖ್ಯ ಕೆಲಸವೆಂದರೆ ತುರ್ತು ಸಂಪರ್ಕದ ಚೀಟಿಯಲ್ಲಿ ಪತಿಪತ್ನಿಯರ ಹೆಸರಿನ ಜೊತೆ, ಮಕ್ಕಳನ್ನು ಕರೆದೊಯ್ಯಬಲ್ಲ ನಂಬಿಕಸ್ಥರಿಬ್ಬರ ಹೆಸರನ್ನು ಅವರ ಒಪ್ಪಿಗೆ ಪಡೆದು ಬರೆಯುವುದು.

ಶಾಲೆ ಆಗಲೂ ಒಪ್ಪದಿದ್ದರೆ ನಿರಾಕರಣೆಯನ್ನು ಬರವಣಿಗೆಯಲ್ಲಿ ಕೇಳಿ. ಬಹುಪಾಲು ಅಡ್ಡಿಗಳು ಆ ಒಂದು ಮಾತಿಗೇ ಕರಗುತ್ತವೆ. ಕರಗದಿದ್ದರೆ ಡಿಸ್ಟ್ರಿಕ್ಟ್‌ನ ಸೂಪರಿಂಟೆಂಡೆಂಟ್, ನಂತರ ರಾಜ್ಯದ ಶಿಕ್ಷಣ ಸಂಸ್ಥೆ. ಫೆಡರಲ್ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ 180 ದಿನಗಳೊಳಗೆ ದೂರು ಕೊಡಬಹುದು. ಆ ಕಚೇರಿಯ ಸಿಬ್ಬಂದಿಯನ್ನು 2025ರಲ್ಲಿ ಬಹಳ ಕಡಿತಗೊಳಿಸಿರುವುದರಿಂದ ಬೇಗ ಉತ್ತರ ಬಂದೀತೆಂದು ಕಾಯಬೇಡಿ. ಸ್ಥಳೀಯ ಉಚಿತ ಕಾನೂನು ನೆರವಿನ ಸಂಸ್ಥೆಯ ವಕೀಲರ ಒಂದು ಪತ್ರ ಅದಕ್ಕಿಂತ ಬೇಗ ಕೆಲಸ ಮಾಡುತ್ತದೆ.

ಈಗ ಎರಡನೆಯ ಲೆಕ್ಕ. ಶಾಲೆಯಲ್ಲಿ ಓದುತ್ತಿರುವುದು ನಿಮ್ಮ ಕುಟುಂಬಕ್ಕೆ ದೇಶದಲ್ಲಿರುವ ಯಾವ ಹಕ್ಕನ್ನೂ ಕೊಡುವುದಿಲ್ಲ. ಕೆಲಸ ಹೋದ ಎಚ್-1ಬಿ ನೌಕರರಿಗೆ ಹೆಚ್ಚೆಂದರೆ 60 ದಿನ ಅಥವಾ ಐ-94 ಮುಗಿಯುವವರೆಗೆ, ಯಾವುದು ಮೊದಲೋ ಅಷ್ಟೇ ಕಾಲ. ಅನಧಿಕೃತ ವಾಸ 180 ದಿನ ಮೀರಿದ ಮೇಲೆ ದೇಶ ಬಿಟ್ಟ ವಯಸ್ಕರಿಗೆ ಮೂರು ವರ್ಷ, ಒಂದು ವರ್ಷ ತುಂಬಿದ್ದರೆ ಹತ್ತು ವರ್ಷ ಮರುಪ್ರವೇಶ ನಿಷೇಧವಾಗುತ್ತದೆ. ಹದಿನೆಂಟು ತುಂಬದ ಮಕ್ಕಳಿಗೆ ಆ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ಕಾಲಾವಕಾಶಕ್ಕಾಗಿ ಬಿ-2 ಸಂದರ್ಶಕ ಸ್ಥಿತಿಗೆ ಅರ್ಜಿ ಹಾಕುವ ಯೋಚನೆಯಿದ್ದರೆ ಇದನ್ನು ವಲಸೆ ವಕೀಲರಲ್ಲಿ ಮೊದಲೇ ಕೇಳಿಕೊಳ್ಳಿ: ಬಿ-2 ಸ್ಥಿತಿಯಲ್ಲಿ ವ್ಯಾಸಂಗಕ್ಕೆ ಸೇರುವುದನ್ನು ವಲಸೆ ನಿಯಮ ನಿಷೇಧಿಸುತ್ತದೆ. ಶಾಲೆ ಸಂತೋಷದಿಂದ ಸೇರಿಸಿಕೊಂಡರೂ ಆ ನಿಯಮ ಮಾಯವಾಗುವುದಿಲ್ಲ. ಎಫ್-1 ವಿದ್ಯಾರ್ಥಿ ವೀಸಾ ಮಾಡಿಸೋಣವೆಂದು ಯಾರಾದರೂ ಹೇಳಿದರೆ, 1996ರ ಕಾನೂನಿನ ಪ್ರಕಾರ ಆ ವೀಸಾದಲ್ಲಿ ಸಾರ್ವಜನಿಕ ಪ್ರಾಥಮಿಕ ಶಾಲೆಗೆ ಸೇರುವಂತಿಲ್ಲ, ಪ್ರೌಢಶಾಲೆಗೆ ಪೂರ್ಣ ವೆಚ್ಚ ಕಟ್ಟಿ ಗರಿಷ್ಠ 12 ತಿಂಗಳು ಮಾತ್ರ. ಈ ಮಿತಿ ಎಫ್-1ಗೆ ಸೀಮಿತ; ಎಚ್-4, ಎಲ್-2ರಂಥ ಅವಲಂಬಿತ ವೀಸಾದ ಮಕ್ಕಳಿಗೆ ಅನ್ವಯಿಸದು. ಪ್ಲೈಲರ್ ತೀರ್ಪಿನ ರಕ್ಷಣೆ ಹನ್ನೆರಡನೆಯ ತರಗತಿಯ ಆಚೆಗೂ ಹೋಗುವುದಿಲ್ಲ. ಕಾನೂನುಬದ್ಧ ಸ್ಥಿತಿಯಿಲ್ಲದ ಮಕ್ಕಳಿಗೆ ಕಾಲೇಜಿನಲ್ಲಿ ಸ್ಥಳೀಯರ ಶುಲ್ಕದ ದರ ಸಿಗುವುದೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಟೆಕ್ಸಾಸ್ 2001ರಿಂದ ಕೊಡುತ್ತಿದ್ದ ಆ ಸೌಲಭ್ಯವನ್ನು 2025ರ ಜೂನ್‌ನಲ್ಲಿ ಫೆಡರಲ್ ನ್ಯಾಯಾಲಯ ತಡೆಹಿಡಿದಿದೆ. ನಿಮ್ಮ ಮಕ್ಕಳಿಗೆ ಅದು ದೂರದ ಮಾತು.

ಮೈಸೂರಿಗೆ ಮರಳುವ ತೀರ್ಮಾನವಾದರೆ, ವರ್ಷದ ನಡುವೆ ಸೇರಿಸಿಕೊಳ್ಳುವುದಿಲ್ಲ, ಟಿಸಿ ಎಲ್ಲಿ ಎಂಬ ಮಾತುಗಳು ಅಲ್ಲಿ ಎದುರಾಗಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ, ಅವಧಿ ಮುಗಿದಿದೆ ಎಂದೂ ಹೇಳುವಂತಿಲ್ಲ. ಅನುದಾನರಹಿತ ಖಾಸಗಿ ಶಾಲೆಗಳೊಂದಿಗೆ ಮಾತ್ರ ಮೊದಲೇ ಮಾತಾಡಿಕೊಳ್ಳಬೇಕಾಗುತ್ತದೆ. ಹೊರಡುವ ಮುನ್ನ ಇಲ್ಲಿನ ಶಾಲೆಯಿಂದ ಹಾಜರಾತಿ, ಅಂಕಪಟ್ಟಿ ಮತ್ತು ಬಿಡುಗಡೆ ಪತ್ರದ ಪ್ರತಿಗಳನ್ನು ಮುದ್ರೆಯೊಂದಿಗೆ ಪಡೆದುಕೊಳ್ಳಿ. ದಾಖಲೆ ತೋರಿಸಲು ಫರ್ಪಾ ಶಾಲೆಗೆ 45 ದಿನಗಳವರೆಗೆ ಅವಕಾಶ ಕೊಟ್ಟಿರುವುದರಿಂದ, ಟಿಕೆಟ್ ಮಾಡಿಸುವ ದಿನವೇ ಅರ್ಜಿಯನ್ನೂ ಕೊಟ್ಟುಬಿಡಿ.